ಹದ್ದಿನ ಎರಡೂ ರೆಕ್ಕೆಯಲ್ಲಿ ಕಿಂಡಿ ಯಾಕೆ?

ಭೂಮಿಗೆ ಇನ್ನೂ ಹೊಸ ಮಣ್ಣಿನ ವಾಸನೆ ಹೋಗಿರದ ಕಾಲ ಅದು. ಆಗ ಹಕ್ಕಿಗಳಿಗೆ ಗರಿ ಉದುರುತ್ತಲೇ ಇರಲಿಲ್ಲ. ಮೊದಲು ಬಂದ ಗರಿಯೇ ಕೊನೇತನಕ. ಮನುಷ್ಯರ ಬಾಣಕ್ಕೋ, ಗರಿಯೇ ಇರಲಿಲ್ಲ. ಬರೀ ಬೋಳು ಕಡ್ಡಿ. ಬಿಲ್ಲಿನಿಂದ ಹೊರಟಿತೆಂದರೆ ಎತ್ತ ಹೋಗುತ್ತದೋ ಆ ದೇವರಿಗೂ ಗೊತ್ತಿರಲಿಲ್ಲ.

ಬಂಡೆಗುಡ್ಡದ ಕೆಳಗಿನ ಹಟ್ಟಿಯಲ್ಲಿ ಕಾಟವ್ವ ಎಂಬ ಬಾಣ ಮಾಡುವವಳಿದ್ದಳು. ಬಿದಿರು ಕಡ್ಡಿಯನ್ನು ಕೆಂಡಕ್ಕೆ ಹಿಡಿದು ನೇರ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೇನು, ಆ ವರ್ಷ ದೊಡ್ಡ ಕೋರೆಯ ಹಂದಿಯೊಂದು ಹಿಂಡು ಕಟ್ಟಿಕೊಂಡು ದಿನಾ ನವಣೆ ಹೊಲಕ್ಕೆ ನುಗ್ಗುತ್ತಿತ್ತು. ಹಟ್ಟಿಯ ಮಕ್ಕಳಿಗೆಲ್ಲ ವರ್ಷದ ಅನ್ನ ಆ ಹೊಲದ್ದೇ. ಕಾಟವ್ವ ಬಿಟ್ಟ ಬಾಣವೆಲ್ಲ ಅಡ್ಡಡ್ಡ ಹೊರಳಿ ಪೊದೆ ಸೇರಿದವು.

"ಗಾಳಿಯಣ್ಣ, ಯಾಕಪ್ಪ ನನ್ನ ಬಾಣ ತಳ್ಳಿ ಹಾಕ್ತೀಯ?" ಎಂದಳು.

"ನಾನೆಲ್ಲಿ ತಳ್ಳಿದೆ? ನನ್ನ ಹಿಡ್ಕೊಳ್ಳೋಕೆ ಅದಕ್ಕೆ ಏನೂ ಇಲ್ವಲ್ಲ ತಾಯಿ. ಹದ್ದಕ್ಕನ್ನ ನೋಡು, ಗರಿಯಿಂದ ನನ್ನ ಹೆಂಗೆ ಹಿಡ್ಕೊಂಡು ಹೋಗ್ತಾಳೆ," ಎಂದಿತು ಗಾಳಿ.

ಹದ್ದು ಕೆಳಗಿನ ಕಲ್ಲಿಗೆ ಬಂದಾಗ ಕಾಟವ್ವ ಸೆರಗೊಡ್ಡಿ ಬೇಡಿದಳು. ಹದ್ದಿನ ಮನಸ್ಸು ದೊಡ್ಡದು. ಎಡಗಡೆಯಿಂದ ಎರಡು, ಬಲಗಡೆಯಿಂದ ಎರಡು ಗರಿ ಕಿತ್ತು ಕೊಟ್ಟಳು. ಕಾಟವ್ವ ಎಡದ್ದೆರಡು, ಬಲದ್ದೊಂದು ಬಾಣಕ್ಕಿಟ್ಟು, ಅಂಟು ಹಚ್ಚಿ, ನಾರು ಸುತ್ತಿ, ಬಿಟ್ಟಳು. ಬಾಣ ಕುಡಿದವರ ಹಾಗೆ ತೂರಾಡಿ ನೆಲ ಕಚ್ಚಿತು.

ಗಾಳಿ ನಕ್ಕಿತು. "ಎಡಗರಿ ಒಂದು ಕಡೆ ಬಾಗಿರತ್ತೆ, ಬಲಗರಿ ಇನ್ನೊಂದು ಕಡೆ. ಬೆರೆಸಿದರೆ ಬಾಣ ಯಾರ ಮಾತು ಕೇಳಬೇಕು? ಮೂರೂ ಒಂದೇ ರೆಕ್ಕೆಯದಾಗಬೇಕು ಕಣವ್ವ."

ಕಾಟವ್ವನಿಗೆ ನಾಚಿಕೆಯಾಯಿತು. "ಹದ್ದಕ್ಕ, ತಪ್ಪು ನನ್ನದೇ. ಎಡಗಡೆಯದು ಇನ್ನೊಂದು ಬೇಕು."

"ಒಂದು ಕಡೆ ಕಮ್ಮಿಯಾದರೆ ಬಂಡೆ ತುದಿಯ ಗೂಡಿಗೆ ಏರೋಕಾಗಲ್ಲ ಕಾಟವ್ವ. ನನ್ನ ಮರಿಗಳಿಗೆ ಗುಟುಕು ಯಾರು ಕೊಡ್ತಾರೆ?"

"ನಾನು ಹತ್ತಿ ಕೊಡ್ತೀನಿ."

ಆ ಬಂಡೆ ಹತ್ತಲು ಕೋತಿಯೂ ಯೋಚಿಸುತ್ತಿತ್ತು. ಆದರೂ ಹದ್ದು ಅವಳ ಮಾತು ನಂಬಿದಳು. ಆಮೇಲೆ ಕಣ್ಣು ಮುಚ್ಚಿ ಇನ್ನೊಂದು ಗರಿ ಕಿತ್ತು ಕೊಟ್ಟಳು.

ಈ ಸಲ ಬಾಣ ಸುತ್ತುತ್ತ ಸುತ್ತುತ್ತ, ಗೆರೆ ಎಳೆದ ಹಾಗೆ ಹೋಯಿತು. ದೊಡ್ಡ ಹಂದಿ ಬಿತ್ತು. ಉಳಿದವು ಗುಡ್ಡ ದಾಟಿ ಓಡಿದವು. ನವಣೆ ಉಳಿಯಿತು.

ಹದ್ದು ಮಾತ್ರ ಹಾರಲು ಹೋಗಿ, ಒಂದು ಕಡೆ ವಾಲಿ ವಾಲಿ, ಕೆಳಗಿನ ಕಲ್ಲಿನಲ್ಲೇ ಕೂತಳು. ಕಾಟವ್ವ ಆಡಿದ ಮಾತಿಗೆ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಮಾಂಸದ ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಬಂಡೆ ಹತ್ತಿದಳು. ಮೊಣಕಾಲು ತರಚಿತು, ಉಗುರು ಕಿತ್ತುಬಂತು. ಸಾಲದ್ದಕ್ಕೆ ಮರಿಗಳು ಬೆರಳು ಕುಕ್ಕಿದವು. ಎಂಥಾ ಗಟ್ಟಿಗಿತ್ತಿ ಅಂತೀನಿ.

ದಿನ ಕಳೆದ ಹಾಗೆ ಕಿತ್ತ ಜಾಗದಲ್ಲೆಲ್ಲ ಹೊಸ ಗರಿ ಮೂಡಿತು, ಹಳೆಯದಕ್ಕಿಂತ ಗಟ್ಟಿಯಾದದ್ದು. ಹದ್ದು ಹಾರಿ ಗೂಡು ಸೇರಿ ನೋಡಿದರೆ, ಮರಿಗಳು ಗುಂಡುಗುಂಡಗೆ ಬೆಳೆದಿದ್ದವು.

"ಇನ್ನು ಮೇಲೆ ನೀನು ಬೇಡೋದು ಬೇಡ ಕಾಟವ್ವ," ಎಂದಳು. "ವರ್ಷಾ ವರ್ಷ ನಾನೇ ಉದುರಿಸ್ತೀನಿ. ಎಡದ್ದೊಂದು, ಬಲದ್ದೊಂದು, ಜೊತೆಜೊತೆಗೆ. ಬಿದ್ದದ್ದನ್ನ ಆರಿಸ್ಕೊ."

ಅದಕ್ಕೇ ಮಗು, ಹದ್ದು ತಲೆ ಮೇಲೆ ಸುತ್ತುವಾಗ ಕತ್ತೆತ್ತಿ ನೋಡು. ಎಡ ರೆಕ್ಕೆಯಲ್ಲಿ ಗರಿ ಬಿದ್ದ ಕಿಂಡಿಯೊಂದು ಕಂಡರೆ, ಬಲ ರೆಕ್ಕೆಯಲ್ಲೂ ಅದೇ ಜಾಗದಲ್ಲಿ ಒಂದು ಕಾಣುತ್ತದೆ. ಅವಳು ವಾಲದೆ ಹಾರಿ ಮರಿಗಳಿಗೆ ಗುಟುಕು ಒಯ್ಯುತ್ತಿರುತ್ತಾಳೆ.