ತೌಡಿನ ತಿಳಿ

ಮಾದಯ್ಯನನ್ನು ಕಂಬಳಿಯಲ್ಲಿ ಹೊತ್ತು ನದಿ ದಂಡೆಯ ಆಶ್ರಮಕ್ಕೆ ತಂದರು. ಹರಕೆ ಹೊತ್ತು ಬೆಟ್ಟದ ಗವಿಯಲ್ಲಿ ನಲವತ್ತು ದಿನ ಬರೀ ನೀರು ಕುಡಿದು ಕೂತಿದ್ದವನು. ಎಲುಬು, ಚರ್ಮ ಬಿಟ್ಟರೆ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಆಶ್ರಮದ ಶಿಷ್ಯ ಗುರುಮಲ್ಲನಿಗೆ ಅವನು ಒಡಹುಟ್ಟಿದ ಅಣ್ಣ. ನೋಡಿದವನೇ ಓಡಿಹೋಗಿ ಅಕ್ಕಿ ಕುಟ್ಟಿದ. ತೌಡನ್ನೆಲ್ಲ ಮೊರದಲ್ಲಿ ಕೇರಿ ತೆಗೆದು, ಹಸುವಿಗೆಂದು ಎತ್ತಿಟ್ಟ. ಬೆಳ್ಳಗಿನ ಅನ್ನಕ್ಕೆ ಹಾಲು, ಬೆಲ್ಲ ಕಲಸಿ ಬಟ್ಟಲು ತುಂಬ ತಂದ.

ವೈದ್ಯಗುರು ಪರ್ವತಯ್ಯನವರು ಬಟ್ಟಲನ್ನು ಕಿತ್ತುಕೊಂಡು ದೂರ ಇಟ್ಟರು.

“ಹಸುವಿಗೆ ಎತ್ತಿಟ್ಟೆಯಲ್ಲ, ಆ ತೌಡು ತಾ. ಬಿಸಿನೀರಲ್ಲಿ ಕದಡಿ, ಸೋಸಿ, ತಿಳಿ ಕುಡಿಸು. ಗಳಿಗೆಗೆ ಒಂದು ಒಳಲೆ. ಕೂಸಿಗೆ ಕುಡಿಸೋ ಹಾಗೆ.”

“ಬುದ್ಧಿ, ಹಸಿದು ಸಾಯ್ತಾವ್ನೆ!”

“ಹಸಿವು ನಲವತ್ತು ದಿನವೂ ಕೊಲ್ಲಲಿಲ್ಲ. ನಿನ್ನ ಅನ್ನ ಎರಡೇ ದಿನಕ್ಕೆ ಕೊಲ್ಲುತ್ತೆ.”

“ಅನ್ನ ಯಾರನ್ನಾದರೂ ಕೊಲ್ಲುತ್ತಾ ಬುದ್ಧಿ?”

“ಅನ್ನ ಮೈಗೆ ಹತ್ತೋಕೆ ಒಂದು ಚಿಟಿಕೆ ಸತ್ವ ಬೇಕು. ಅವನಲ್ಲಿ ಅದು ಬತ್ತಿಹೋಗಿದೆ. ನೀನು ಕೇರಿ ತೆಗೆದ ತೌಡಿನಲ್ಲಿ ಅದಿದೆ. ಮೊದಲು ಅದು, ಅನ್ನ ಆಮೇಲೆ.”

ಆಚೆ ದಡದಲ್ಲಿ ಯಾರಿಗೋ ಹಾವು ಕಚ್ಚಿತ್ತು. ಗುರುಗಳು ದೋಣಿ ಹತ್ತಿದರು.

ಮಾದಯ್ಯ ಕಣ್ಣು ಬಿಟ್ಟ. “ತಮ್ಮಾ... ಅನ್ನ.”

ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಗುರುಮಲ್ಲನ ಪ್ರೀತಿಗೆ ಅಂದು ಕಿವಿಯೂ ಇರಲಿಲ್ಲ. ಮೂರು ಸಲ ಬಟ್ಟಲು ತುಂಬಿಸಿ ತುತ್ತಿಟ್ಟ. ಅಣ್ಣ ತೃಪ್ತಿಯಿಂದ ನಕ್ಕ.

ಮರುದಿನ ಬಿಸಿಲೇರುವ ಹೊತ್ತಿಗೆ ಮಾದಯ್ಯನಿಗೆ ಏದುಸಿರು ಹತ್ತಿತು. ಪಕ್ಕೆಲುಬಿನ ಕೆಳಗೆ ಗುಂಡಿಗೆ ಹೊಡೆದುಕೊಳ್ಳುವುದು ಕಣ್ಣಿಗೇ ಕಾಣುತ್ತಿತ್ತು. ಕಣ್ಣುಗುಡ್ಡೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಅಣ್ಣಾ!”

“ಯಾರಪ್ಪ ನೀನು?”

ಗುರುಮಲ್ಲ ದಂಡೆಗೆ ಓಡಿದ. ಗುರುಗಳು ಮರಳುತ್ತಿದ್ದ ದೋಣಿ ಇನ್ನೂ ನಡುನೀರಿನಲ್ಲಿತ್ತು. ಅದು ದಡ ಮುಟ್ಟುವಷ್ಟರಲ್ಲಿ ಅವನು ಎಲ್ಲ ದೇವರಿಗೂ ಹರಕೆ ಹೇಳಿ ಮುಗಿಸಿದ್ದ.

ಪರ್ವತಯ್ಯನವರು ಒಳಗೆ ಬಂದು ಖಾಲಿ ಬಟ್ಟಲನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಗುರುಮಲ್ಲನಿಗೆ ಎಷ್ಟೋ ಹಗುರವಾಗುತ್ತಿತ್ತು. ತೌಡು ಕದಡಿ, ಸೋಸಿ, ರೋಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಲೆಯಿಂದ ತೊಟ್ಟು ತೊಟ್ಟಾಗಿ ತಿಳಿ ಬಿಟ್ಟರು.

“ಬುದ್ಧಿ, ನನ್ನ ಕೈಯಾರೆ ಕೊಂದುಬಿಟ್ಟೆನಾ?”

“ನೀರು ಕಾಯಿಸು,” ಎಂದರು ಗುರುಗಳು.

ಆ ದಿನ ಹೋಯಿತು, ಮತ್ತೊಂದು ದಿನವೂ ಹೋಯಿತು. ಅಣ್ಣನ ಉಸಿರು ಒಂದಿಷ್ಟು ತಡವಾದರೂ ಗುರುಮಲ್ಲನ ಉಸಿರೇ ನಿಲ್ಲುತ್ತಿತ್ತು.

ಮೂರನೆಯ ಸಂಜೆ ಮಾದಯ್ಯ ಮುಖ ಕಿವುಚಿದ.

“ಗುರುಮಲ್ಲಾ, ನಾನೇನು ಹಸುವೇನೋ? ಸಾಕು ಕಣೋ ಈ ತೌಡು ನೀರು.”

ಗುರುಮಲ್ಲ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ. ಕಣ್ಣೊರೆಸಿಕೊಂಡು ನೋಡಿದರೆ, ಗುರುಗಳು ಅಣ್ಣನ ನಾಡಿಯಿಂದ ಬೆರಳು ತೆಗೆಯದೆಯೇ ಮತ್ತೆ ಒಳಲೆ ತುಂಬುತ್ತಿದ್ದರು.

“ಬುದ್ಧಿ, ನಿಮಗೂ ಹೆದರಿಕೆ ಆಗಿತ್ತಾ?”

“ಇನ್ನೂ ಇದೆ ಕಣಪ್ಪ. ಅದಕ್ಕೇ ಒಳಲೆಯಲ್ಲಿ ಕುಡಿಸ್ತಾ ಇದೀನಿ.”