ಈರಜ್ಜಿಯ ಬೆನ್ನ ಹಿಂದಿನ ಜಾಗ

ಗುಬ್ಬಿ ಹುಟ್ಟಿದ್ದೇ ಗೋಡೆಗೆ ವಾಲಿಸಿದ್ದ ಈರಜ್ಜಿಯ ಫೋಟೋದ ಹಿಂದೆ. ಈಗ ಮೊಟ್ಟೆಯಿಡಲು ಹುಲ್ಲು ಕಚ್ಚಿಕೊಂಡು ಬಂದರೆ ಆ ಫೋಟೋವೇ ಇಲ್ಲ! ಮನೆಯವರು ಅದನ್ನು ಅಟ್ಟಕ್ಕೆ ಸಾಗಿಸಿ, ಅದೇ ಅಜ್ಜಿಯದೊಂದು ಆಳವಿದ್ದಂತೆ ಕಾಣುವ ತ್ರೀಡಿ ಫೋಟೋವನ್ನು ಗೀರುಗೀರು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ ಗೋಡೆಗೆ ಅಂಟಿಸಿದ್ದರು.

"ಬಾರೇ ಗುಬ್ಬಕ್ಕ, ನನ್ನ ಆಳ ನೋಡು! ಅಜ್ಜಿಯ ಬೆನ್ನ ಹಿಂದೆ ಅಂಗಳವೇ ಇದೆ," ಎಂದು ಹೊಸ ಫೋಟೋ ಅಜ್ಜಿಯ ಮುಖದಲ್ಲೇ ಮೀಸೆ ತಿರುವಿತು.

ಗುಬ್ಬಿ ನಂಬಿ ನುಗ್ಗಿತು. ಟಪ್ಪಂತ ಕೊಕ್ಕು ಬಡಿದು ಹುಲ್ಲೆಲ್ಲ ಚೆಲ್ಲಿತು.

"ಇದೇನಾ ಮಾರಾಯ ನಿನ್ನ ಅಂಗಳ? ಮೊಟ್ಟೆ ನಿನ್ನ ತಲೆ ಮೇಲೆ ಇಡಲಾ?"

"ಇಲ್ಲಿ ಬಾ ಮಗಳೇ," ಅಟ್ಟದಿಂದ ಹಳೇ ಫೋಟೋ ಕರೆಯಿತು. "ನಾನು ಚಪ್ಪಟೆಯೇ ಸರಿ. ಆದರೆ ಇಲ್ಲೂ ಗೋಡೆಗೆ ವಾಲಿಕೊಂಡೇ ಇದ್ದೀನಿ."

ಗುಬ್ಬಿ ಹುಲ್ಲು ಹೆಕ್ಕಿಕೊಂಡು ಅಜ್ಜಿಯ ಬೆನ್ನ ಹಿಂದೆ ತೂರಿತು. ಅಲ್ಲಿ ಫೋಟೋದ ಚೌಕಟ್ಟಿಗೆ ಅದರ ಅವ್ವ ಸಿಕ್ಕಿಸಿದ್ದ ಒಣಹುಲ್ಲಿನ ಎಳೆಯೊಂದು ಇನ್ನೂ ಹಾಗೇ ಇತ್ತು.