ಕಂಬಳಿ ವರ್ತಕನಿಗೆ ಕೊಟ್ಟ ಮದ್ದು

“ಗುರುಗಳೇ, ಒಬ್ಬನ ಮೈಯಲ್ಲೇ ನಾಲ್ಕಾರು ಕಾಯಿಲೆಗಳು ಕೂಡಿಕೊಂಡಿದ್ದರೆ ಮೊದಲು ಯಾವುದಕ್ಕೆ ಮದ್ದು ಕೊಡಬೇಕು?” ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಕಂಬಳಿ ವರ್ತಕನಿದ್ದ. ವಯಸ್ಸಾದ ಮೇಲೆ ಅವನಿಗೆ ಸಿಹಿಮೂತ್ರ ರೋಗ ಬಂತು, ಕಾಲು ಬಾತುಕೊಂಡಿತು, ಮಂಡಿ ಹಿಡಿಯಿತು. ಮನೆಯವರು ಮೂವರು ವೈದ್ಯರನ್ನು ಕರೆಸಿದರು. ಮೂವರೂ ತಿಳಿದವರೇ. ಮೊದಲನೆಯವನು ಪಥ್ಯ ಹೇಳಿ, ಮನೆಯ ಹೊರಗೆ ಒಂದು ತುತ್ತೂ ಬೇಡವೆಂದ. ಎರಡನೆಯವನು ಬಾವು ಇಳಿಸಲು ಕಷಾಯ ಕೊಟ್ಟ; ಅದನ್ನು ಕುಡಿದರೆ ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕು. ಮೂರನೆಯವನು ನೋವಿಗೆಂದು ಚೂರ್ಣ ಕೊಟ್ಟ. ಅದು ದಿನವಿಡೀ ತೂಕಡಿಕೆ ತರಿಸುತ್ತಿತ್ತು. ವರ್ತಕ ಎಲ್ಲವನ್ನೂ ತಪ್ಪದೆ ಪಾಲಿಸಿದ. ಬಾವು ಇಳಿಯಿತು, ನೋವು ಕಡಿಮೆಯಾಯಿತು. ಆದರೆ ಅವನು ಮನೆ ಬಿಟ್ಟು ಹೊರಗೆ ಬರಲಿಲ್ಲ. ಕೆಲವು ದಿನಗಳಾದ ಮೇಲೆ ಮದ್ದು ತಂದರೆ ಮುಖ ತಿರುಗಿಸತೊಡಗಿದ.

ಮನೆಯವರು ಹೆದರಿ ಪಕ್ಕದ ಊರಿನ ವೈದ್ಯೆಯೊಬ್ಬಳನ್ನು ಕರೆತಂದರು. ಆಕೆ ನಾಡಿ ನೋಡಿದಳು, ಮದ್ದುಗಳನ್ನು ನೋಡಿದಳು. ಆಮೇಲೆ, “ಮೈ ಸ್ವಲ್ಪ ಹಗುರಾದರೆ ಏನು ಮಾಡಬೇಕೆಂದಿದ್ದೀರಿ, ಯಜಮಾನರೇ?” ಎಂದು ಕೇಳಿದಳು.

ವರ್ತಕ ಹೇಳಿದ: “ಕೆರೆ ಏರಿಯ ಆಚೆ ನನ್ನ ಅಕ್ಕ ಇದ್ದಾಳೆ, ತಾಯಿ. ಅವಳಿಗೆ ಕಣ್ಣು ಕಾಣುವುದಿಲ್ಲ, ಇಲ್ಲಿಗೆ ಬರಲಾರಳು. ಸಂತೆ ಮುಗಿಸಿ ಅವಳ ಮನೆಗೆ ಹೋಗಿ ಜೊತೆಯಲ್ಲಿ ಉಣ್ಣುತ್ತಿದ್ದೆ. ಅದೊಂದು ಆದರೆ ಸಾಕು.”

“ಚೂರ್ಣ ಬಿಟ್ಟರೆ ನಡೆಯುವಷ್ಟು ಎಚ್ಚರವಿರುತ್ತದೆ, ಆದರೆ ಮಂಡಿ ನೋಯುತ್ತದೆ. ಅಲ್ಲಿ ಉಂಡರೆ ಪಥ್ಯವೂ ಒಂದಿಷ್ಟು ಕೆಡುತ್ತದೆ. ಒಪ್ಪಿಗೆಯೇ?”

“ನೋವು ತಡೆದುಕೊಳ್ಳುತ್ತೇನೆ. ಈ ಮಂಪರು ಬೇಡ.”

ಆಕೆ ಚೂರ್ಣ ನಿಲ್ಲಿಸಿದಳು. ಮಂಡಿಗೆ ಎಣ್ಣೆ ಹಚ್ಚಿಸಿ ಬಟ್ಟೆ ಕಟ್ಟಿಸಿದಳು. ಅಕ್ಕನ ಮನೆಗೆ ಹೋಗುವ ದಿನ ಕಷಾಯವನ್ನು ಹಿಂದಿರುಗಿದ ಮೇಲೆ ಕುಡಿಯಲು ಹೇಳಿದಳು. ಉಳಿದ ದಿನಗಳ ಪಥ್ಯವನ್ನು ಹಾಗೇ ಇಟ್ಟಳು. ವರ್ತಕ ಮೊದಲು ಹೊಸ್ತಿಲವರೆಗೆ ನಡೆದ, ಬಳಿಕ ಬೀದಿಯ ಕೊನೆಯವರೆಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಲೂರಿಕೊಂಡು, ಅಲ್ಲಲ್ಲಿ ಕೂತು ಸುಧಾರಿಸಿಕೊಂಡು, ಏರಿ ದಾಟಿದ. ಅಕ್ಕ ಅವನ ಮುಖ ಸವರಿ, “ಎಷ್ಟು ಸೊರಗಿದ್ದೀಯೋ!” ಎಂದು ಬೈದಳು. ಇಬ್ಬರೂ ಕೂತು ಉಂಡರು. ಆಮೇಲೆ ಬದುಕಿದ್ದಷ್ಟು ಕಾಲ ಅವನು ಆದಾಗಲೆಲ್ಲ ಹೋಗಿ ಬಂದ. ಆಗದ ವಾರ ಹೋಗಲಿಲ್ಲ. ಮದ್ದನ್ನು ತಾನೇ ಕೇಳಿ ಕುಡಿಯುತ್ತಿದ್ದ.

ಗುರು ನಿಲ್ಲಿಸಿದರು. ಶಿಷ್ಯ, “ಕೊನೆಗೆ ಅವನ ಯಾವ ಕಾಯಿಲೆ ವಾಸಿಯಾಯಿತು?” ಎಂದ.

“ಯಾವುದೂ ಇಲ್ಲ. ನೀನು ಇನ್ನೂ ಕಾಯಿಲೆಯನ್ನೇ ಕೇಳುತ್ತಿದ್ದೀಯೆ. ಅಕ್ಕ ಅವನಿಗೆ ಏನು ಬಡಿಸಿದಳೆಂದು ಕೇಳಬೇಕೆನ್ನಿಸಲಿಲ್ಲವೇ ನಿನಗೆ?” ಎಂದರು ಗುರು.